ಆಸ್ಪೆನ್ ತೊಗಟೆಯ ಟಿಂಚರ್, ಮೊಗ್ಗಿನ ಮುಲಾಮು: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಮುಲಾಮಿಗೆ ಐದಕ್ಕೆ ನಾಲ್ಕು, ಟಿಂಚರ್‌ಗೆ ಎರಡೂವರೆ. ಟಿಂಚರ್ ಅಂದ್ರೆ ತೊಗಟೆಯನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರ. ಎರಡನ್ನೂ ಅಮೆರಿಕದ ಡೆನ್ವರ್ ಹತ್ತಿರದ ರೈತರ ಸಂತೆಯಲ್ಲಿ ಗಿಡಮೂಲಿಕೆ ಮಾರುವ ಒಬ್ಬರಿಂದಲೇ ಕೊಳ್ಳುತ್ತಾ ಬಂದಿದ್ದೇನೆ.

ರಾಕಿ ಪರ್ವತಗಳ ಕಡೆ ಬಂದವರು ಆಸ್ಪೆನ್ ಮರವನ್ನು ನೋಡಿಯೇ ಇರುತ್ತಾರೆ. ಬೆಳ್ಳಗಿನ ಕಾಂಡ, ಸ್ವಲ್ಪ ಗಾಳಿ ಸೋಕಿದರೂ ನಮ್ಮ ಅರಳಿ ಎಲೆಯ ಹಾಗೆ ನಡುಗುವ ಎಲೆ. ಕಾಂಡ ಸವರಿದರೆ ಅಂಗೈಗೆ ಬಿಳಿ ಪುಡಿ ಅಂಟುತ್ತದೆ. ಎಳೆ ಕೊಂಬೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು. ಎಲೆ ಉದುರಿದ ಮೇಲೂ ತೊಗಟೆ ಬಿಸಿಲು ಹೀರಿ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಇದನ್ನೇ ಕಚ್ಚಿ ತಿನ್ನುವುದು, ಅದಕ್ಕೇ ಬುಡದಲ್ಲೆಲ್ಲ ಕಪ್ಪು ಕಲೆ. ಕೆನಡಾದ ಮೂಲನಿವಾಸಿ ಕ್ರೀ ಜನ ಒಳತೊಗಟೆಯನ್ನು ಕೆಮ್ಮಿಗೆ ಬಳಸುತ್ತಿದ್ದರು.

ನಾನು ಟಿಂಚರ್ ತಂದಿದ್ದು ಬೆಟ್ಟ ಇಳಿಯುವಾಗ ಬರುವ ಮಂಡಿ ನೋವಿಗೆ. ಕಹಿ ಅಂದ್ರೆ ಕಹಿ, ಜೊತೆಗೆ ಒಗರು. ನೀರಿಗೆ ಹಾಕಿಕೊಂಡರೂ ನಾಲಿಗೆ ಹಿಡಿದುಕೊಳ್ಳುತ್ತದೆ. ಇದರಲ್ಲಿರುವ ಸ್ಯಾಲಿಸಿನ್ ಅನ್ನುವ ನೋವಿನ ಮದ್ದಿನ ಅಂಶ ನೇರವಾಗಿ ನೋವು ತೆಗೆಯುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆಯಬೇಕು, ಆಮೇಲೆ ಯಕೃತ್ತು ಅದನ್ನು ಸ್ಯಾಲಿಸಿಲಿಕ್ ಆಮ್ಲ ಮಾಡಬೇಕು. ಹಾಗಾಗಿ ತಲೆ ಸಿಡಿಯುವಾಗ ಕುಡಿದು ಕೂತರೆ ಪ್ರಯೋಜನ ಕಡಿಮೆ. ಮಂಡಿಯ ಮಂದ ನೋವಿಗೆ, ಸಂಜೆ ತಗೊಂಡರೆ ರಾತ್ರಿ ಒಂಚೂರು ಹಗುರ ಅನಿಸುತ್ತದೆ. ಅಷ್ಟೇ. ಅದೂ ವಿಶ್ರಾಂತಿಯಿಂದಲೋ ಟಿಂಚರ್‌ನಿಂದಲೋ, ಯಾರು ಹೇಳಬೇಕು!

ನನ್ನ ದೊಡ್ಡ ತಕರಾರು ಬಾಟಲಿಯ ಮೇಲಿನ ಚೀಟಿಯದ್ದು. ಸ್ಯಾಲಿಸಿನ್ ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. ಸ್ಯಾಲಿಸಿನ್ ಇರುವ ಇನ್ನೊಂದು ಮರ ವಿಲ್ಲೋ, ಅದರ ತೊಗಟೆಯನ್ನು ಬೆನ್ನುನೋವಿಗೆ ಪರೀಕ್ಷಿಸಿದಾಗ ದಿನಕ್ಕೆ 240 ಮಿಲಿಗ್ರಾಂ ಸ್ಯಾಲಿಸಿನ್ ಸಿಗುವಷ್ಟು ಕೊಟ್ಟಿದ್ದರು. ನನ್ನ ಮೂವತ್ತು ಹನಿಯಲ್ಲಿ ಅದರ ಎಷ್ಟು ಪಾಲು? ಗೊತ್ತಾಗುವ ದಾರಿಯೇ ಇಲ್ಲ. ಜರ್ಮನಿಯಲ್ಲಿ ಯುರೋಪಿನ ಆಸ್ಪೆನ್ ಜೊತೆ ಆಶ್ ಮರದ ತೊಗಟೆ, ಗೋಲ್ಡನ್‌ರಾಡ್ ಅನ್ನುವ ಗಿಡ ಸೇರಿಸಿದ ಕೀಲುನೋವಿನ ಔಷಧ ಅಳತೆ ಸಮೇತ ಸಿಗುತ್ತದೆ. ಇಲ್ಲಿ ಸುಮ್ನೆ ನಂಬಿಕೆ ಮೇಲೆ ಕುಡಿಯಬೇಕು.

ಇನ್ನೊಂದು ಮಾತು. ಸ್ಯಾಲಿಸಿನ್ ಆಸ್ಪಿರಿನ್‌ನ ಹತ್ತಿರದ ಸಂಬಂಧಿ ಅಂತ ಹೃದಯಕ್ಕೆ ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಬಿಟ್ಟು ಇದನ್ನು ಹಿಡಿಯಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಆಸ್ಪಿರಿನ್‌ನಲ್ಲಿರುವ ಅಸಿಟೈಲ್ ಭಾಗ. ತೊಗಟೆಯಲ್ಲಿ ಅದಿಲ್ಲ. ಆಸ್ಪಿರಿನ್ ಆಗದವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ದೂರ ಇರಿ. ಜ್ವರ ಬಂದ ಮಕ್ಕಳಿಗಂತೂ ಕೊಡಲೇಬಾರದು.

ಈಗ ಮುಲಾಮು. ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ಗಾಳಿ ಎಷ್ಟು ಒಣ ಅಂದರೆ ಜನವರಿಯಲ್ಲಿ ಹೆಬ್ಬೆರಳಿನ ತುದಿ ಉಗುರಿನ ಪಕ್ಕದಲ್ಲೇ ಸೀಳುತ್ತದೆ, ಪಾತ್ರೆ ತೊಳೆಯುವಾಗ ಜೀವ ಹೋಗುತ್ತದೆ. ರಾತ್ರಿ ಇದನ್ನು ಹಚ್ಚಿ ಹತ್ತಿಯ ಕೈಗವಸು ಹಾಕಿಕೊಂಡು ಮಲಗುತ್ತೇನೆ. ಬೆಳಿಗ್ಗೆ ಉರಿ ಇರುವುದಿಲ್ಲ, ಸೀಳು ಬೇಗ ಕೂಡುತ್ತದೆ. ಅಂಗಡಿಯ ಕ್ರೀಮುಗಳಿಗಿಂತ ನನಗೆ ಇದೇ ವಾಸಿ.

ಎಲೆ ಒಡೆಯುವ ಮುಂಚೆ ಕಿತ್ತ ಮೊಗ್ಗಿನಲ್ಲಿ ಅಂಟಂಟಾದ ರಾಳ ಇರುತ್ತದೆ. ಅದು ನೀರಿನಲ್ಲಿ ಸರಿಯಾಗಿ ಕರಗದು, ಬೆಚ್ಚಗಿನ ಎಣ್ಣೆಯಲ್ಲಿ ಕರಗುತ್ತದೆ. ಆಮೇಲೆ ಜೇನುಮೇಣ ಸೇರಿಸಿ ಗಟ್ಟಿ ಮಾಡುತ್ತಾರೆ. ಡಬ್ಬಿ ತೆಗೆದರೆ ಜೇನುಗೂಡಿನ ವಾಸನೆ. ಜೇನುನೊಣಗಳು ಪ್ರೊಪೊಲಿಸ್, ಅಂದ್ರೆ ಗೂಡಿನ ಬಿರುಕು ಮುಚ್ಚುವ ಅಂಟು, ಮಾಡಲು ಈ ಜಾತಿಯ ಮರಗಳ ರಾಳವನ್ನೇ ಹೊತ್ತೊಯ್ಯುತ್ತವೆ, ಅಲ್ವಾ. ಗಿಡಮೂಲಿಕೆ ಔಷಧ ಪರಿಶೀಲಿಸುವ ಜರ್ಮನಿಯ ಸರ್ಕಾರಿ ಸಮಿತಿ ಕಮಿಷನ್ ಇ ಕೂಡ ಪಾಪ್ಲರ್ (ಆಸ್ಪೆನ್ ಸೇರಿದ ಮರಗಳ ಗುಂಪು) ಮೊಗ್ಗನ್ನು ಸಣ್ಣಪುಟ್ಟ ಚರ್ಮದ ಗಾಯ, ಬಿಸಿಲಿನ ಸುಡು, ಮೂಲವ್ಯಾಧಿಗೆ ಮೇಲಿಂದ ಹಚ್ಚಲು ಒಪ್ಪಿದೆ. ಪ್ರೊಪೊಲಿಸ್ ಅಲರ್ಜಿ ಇರುವವರು ಮುಟ್ಟದಿರುವುದೇ ಒಳ್ಳೆಯದು.

ಒಂದು ಅಂಕ ಕಡಿತ ಯಾಕೆ? ಡಬ್ಬಿ ಮೇಲೆ ‘ಆಸ್ಪೆನ್’ ಅಂತಿದೆ, ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಅದೇ ಗುಂಪಿನ ಬಾಲ್ಸಮ್ ಪಾಪ್ಲರ್ ಮರದ ಮೊಗ್ಗಂತೆ. ಆಸ್ಪೆನ್ ಮೊಗ್ಗಿನಲ್ಲಿ ರಾಳ ಕಡಿಮೆ, ಬೆರೆಸಿದ್ದು ತಪ್ಪಲ್ಲ. ಬರೆಯಬೇಕಿತ್ತು ಅಷ್ಟೇ. ಜೊತೆಗೆ ದಿಂಬಿನ ಕವರ್‌ಗೆ ಹಳದಿ ಕಲೆ ಬಿದ್ದರೆ ಹೋಗುವುದಿಲ್ಲ.

ದುಡ್ಡು ಉಳಿಸಲು ನೀವೇ ತೊಗಟೆ ಸುಲಿಯಲು ಹೋಗಬೇಡಿ. ಗಾಯವಾದ ಕಡೆ ಶಿಲೀಂಧ್ರ ಹೊಕ್ಕು ಮರವೇ ಸಾಯಬಹುದು. ಗಾಳಿಗೆ ಮುರಿದು ಬಿದ್ದ ಹಸಿ ಕೊಂಬೆ ಸಾಕು, ಅದಕ್ಕೂ ಮೊದಲು ಅರಣ್ಯ ಕಚೇರಿಯಲ್ಲಿ ಪರ್ಮಿಟ್ ವಿಚಾರಿಸಿ. ನಾನಂತೂ ಈ ಸಲ ಟಿಂಚರ್ ಬಿಟ್ಟು ಎರಡು ಡಬ್ಬಿ ಮುಲಾಮು ತಂದಿದ್ದೇನೆ. ಒಂದು ಊರಿಗೆ, ಅಮ್ಮನ ಹಿಮ್ಮಡಿ ಒಡಕಿಗೆ.