ಐ.ಜಿ. ರಸ್ತೆಯ ಎಕ್ಸ್‌ಪೋರ್ಟ್ ಆಫೀಸು: ಸುದ್ದಿ ತಿಳಿಸುವುದರಲ್ಲಿ ಎತ್ತಿದ ಕೈ, ಫೀಸಿನ ವಿಷಯದಲ್ಲಿ ಮಾತ್ರ ಬೇಸರ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ, ಮಹಡಿ ಮೇಲಿರುವ ಒಂದು ಆಫೀಸಿನ ಬಗ್ಗೆ ಬರೆಯುತ್ತಿದ್ದೇನೆ. ಎಕ್ಸ್‌ಪೋರ್ಟ್, ಇಂಪೋರ್ಟ್ ಕಾಗದಪತ್ರ ಮಾಡಿಕೊಡುವವರು. ಕೆಲವು ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ.

ನಮ್ಮದು ಕಾಳುಮೆಣಸು ಮತ್ತು ಕಾಫಿ ವ್ಯಾಪಾರ. ಬೆಳೆಗಾರರಿಂದ ಕೊಂಡು, ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಸಣ್ಣ ಮಟ್ಟದಲ್ಲಿ ಹೊರದೇಶಕ್ಕೆ ಕಳಿಸುತ್ತೇವೆ. ಐಇಸಿ (ರಫ್ತು, ಆಮದು ಮಾಡಲು ಬೇಕಾದ ಕೋಡು), ಕಾಫಿ ಬೋರ್ಡಿನ ನೋಂದಣಿ, ಮೆಣಸಿಗೆ ಸ್ಪೈಸಸ್ ಬೋರ್ಡಿನ ಸರ್ಟಿಫಿಕೇಟು, ಜಿಎಸ್‌ಟಿಯ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ), ಬ್ಯಾಂಕಿನ ಎಡಿ ಕೋಡು (ರಫ್ತಿನ ದುಡ್ಡು ಬರುವ ಬ್ಯಾಂಕನ್ನು ಗುರುತಿಸುವ ಸಂಖ್ಯೆ), ಇವೆಲ್ಲ ಈ ಆಫೀಸಿನಲ್ಲೇ ಆಗುತ್ತವೆ. ಆದರೆ ಅದಕ್ಕಾಗಿಯೇ ಇಲ್ಲಿಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಫಾರಂ ತುಂಬುವವರು ಎಲ್ಲ ಕಡೆ ಸಿಗುತ್ತಾರೆ. ಇವರ ನಿಜವಾದ ಸೇವೆ ವಾಟ್ಸಾಪಿನಲ್ಲಿದೆ.

ಡಿಜಿಎಫ್‌ಟಿಯಿಂದ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅಥವಾ ಕಸ್ಟಮ್ಸ್‌ನಿಂದ ನಮ್ಮ ಸರಕಿಗೆ ಸಂಬಂಧಪಟ್ಟ ಆದೇಶ ಬಂದರೆ, ರಾತ್ರಿ ಆಗಿದ್ದರೂ ಕನ್ನಡದಲ್ಲಿ ಒಂದು ಸಂದೇಶ ಬರುತ್ತದೆ. ಯಾವ ಸರಕು, ಅದರ ಎಚ್‌ಎಸ್ ಕೋಡ್ (ಸರಕನ್ನು ಗುರುತಿಸುವ ಸಂಖ್ಯೆ) ಏನು, ಯಾವತ್ತಿನಿಂದ ಜಾರಿ, ಈಗಾಗಲೇ ಒಪ್ಪಂದ ಆಗಿರುವ ಮಾಲಿಗೆ ಇದು ಅನ್ವಯಿಸುತ್ತದಾ ಇಲ್ವಾ. ಅಷ್ಟೇ. ಪಿಡಿಎಫ್ ಕೆಳಗಿರುತ್ತದೆ, ಬೇಕಾದವರು ಓದಿಕೊಳ್ಳಬಹುದು. ಸುಮ್ನೆ ಪೇಪರ್ ಕಟಿಂಗ್ ಫಾರ್ವರ್ಡ್ ಮಾಡುವ ಗುಂಪುಗಳು ನನ್ನ ಫೋನಿನಲ್ಲಿ ಬೇಕಾದಷ್ಟಿವೆ, ಅವುಗಳಲ್ಲಿ ಯಾವುದರಲ್ಲೂ ಆ ಕೊನೆಯ ಪ್ರಶ್ನೆಗೆ ಉತ್ತರ ಇರುವುದಿಲ್ಲ. ವ್ಯಾಪಾರಿ ಬದುಕುವುದೂ ಮುಳುಗುವುದೂ ಆ ಉತ್ತರದ ಮೇಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ಈರುಳ್ಳಿ ನೋಡಿ. ನಮ್ಮದೇ ಜಿಲ್ಲೆಯ ಅಜ್ಜಂಪುರ, ಕಡೂರು, ತರೀಕೆರೆ ಕಡೆ ಬೆಳೆಯುವ ಬೆಳೆ. 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿದರು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ದರ ಅಂದರು. ಡಿಸೆಂಬರ್ 8ರಿಂದ ರಫ್ತೇ ಬಂದ್. 2024ರ ಮಾರ್ಚ್ 31ರವರೆಗೆ ಮಾತ್ರ ಅಂದಿದ್ದರು, ಅದನ್ನೂ ಮುಂದುವರಿಸಿದರು. ಮೇ 4ಕ್ಕೆ ನಿಷೇಧ ತೆಗೆದರು, ಆದರೆ 550 ಡಾಲರ್ ಕನಿಷ್ಠ ದರ, ಮೇಲೆ ಶೇ 40 ಸುಂಕ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ದರ ಹೋಯಿತು, ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ಕ್ಕೆ ಆ ಸುಂಕವೂ ಹೋಯಿತು. ಎರಡು ವರ್ಷದೊಳಗೆ ಇಷ್ಟು ಸಲ ನಿಯಮ ಬದಲಾದರೆ, ದುಬೈಗೋ ಕೊಲಂಬೊಗೋ ಇಷ್ಟು ದರಕ್ಕೆ ಕೊಡುತ್ತೇನೆ ಅಂತ ಮಾತು ಕೊಟ್ಟವನು ಏನು ಮಾಡಬೇಕು?

ನಿಷೇಧದ ಆದೇಶ ಬಂದಾಗ ಅಜ್ಜಂಪುರ ಕಡೆಯ ನಮ್ಮ ಪರಿಚಯದವರೊಬ್ಬರ ಲೋಡು ಇನ್ನೂ ದಾರಿಯಲ್ಲಿತ್ತು. ಕೈಯಲ್ಲಿ ಒಪ್ಪಂದ ಇದೆಯಲ್ಲ, ಹೋಗುತ್ತದೆ ಅಂತ ಅವರು ಧೈರ್ಯವಾಗಿದ್ದರು. ಹೋಗಲಿಲ್ಲ. ಹಡಗಿಗೆ ಲೋಡಿಂಗ್ ಮೊದಲೇ ಶುರುವಾಗಿದ್ದರೆ, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತಿನ ಕಾಗದ) ಹಾಕಿ ಹಡಗೂ ಬಂದರಿಗೆ ಬಂದು ನಿಂತಿದ್ದರೆ, ಇಲ್ಲವೇ ಸರಕನ್ನು ಕಸ್ಟಮ್ಸ್‌ಗೆ ಒಪ್ಪಿಸಿ ಅವರ ಸಿಸ್ಟಮ್‌ನಲ್ಲಿ ದಾಖಲಾಗಿದ್ದರೆ ಮಾತ್ರ ಬಿಡುತ್ತೇವೆ ಅಂತ ಆದೇಶದಲ್ಲೇ ಇತ್ತು. ಅದಕ್ಕೂ ಹಿಂದಿನ ವರ್ಷ, 2022ರ ಮೇ 13ರಂದು ಗೋಧಿ ನಿಲ್ಲಿಸಿದಾಗ ಹೀಗಿರಲಿಲ್ಲ. ರದ್ದು ಮಾಡಲಾಗದ ಎಲ್‌ಸಿ (ಕೊಳ್ಳುವವರ ಬ್ಯಾಂಕು ಕೊಡುವ ಹಣದ ಖಾತರಿ ಪತ್ರ) ಅಷ್ಟರೊಳಗೆ ತೆರೆದಿದ್ದವರಿಗೆ ದಾರಿ ಇಟ್ಟಿದ್ದರು. ಅಂದರೆ ಒಂದು ಸಲ ಬ್ಯಾಂಕಿನ ಕಾಗದ ಕಾಪಾಡುತ್ತದೆ, ಇನ್ನೊಂದು ಸಲ ಸರಕು ಬಂದರಿನಲ್ಲಿದ್ದರೆ ಮಾತ್ರ ಉಳಿಗಾಲ. ಪ್ರತಿ ಆದೇಶವನ್ನೂ ಬೇರೆಯಾಗಿಯೇ ಓದಬೇಕು.

ಆಫೀಸು ನಡೆಸುವ ಮೇಡಂ ಮೊದಲು ಮಂಗಳೂರಿನಲ್ಲಿ ಶಿಪ್ಪಿಂಗ್ ಕೆಲಸದಲ್ಲಿದ್ದವರು. ಯಾವುದೇ ಆದೇಶ ಬಂದಾಗ ಫೋನ್ ಮಾಡಿದರೆ ಅವರ ಮೊದಲ ಮಾತು ಒಂದೇ: "ಸಾರ್, ಒಪ್ಪಂದ ಆಮೇಲೆ ನೋಡೋಣ. ಮಾಲು ಈಗ ಎಲ್ಲಿದೆ ಹೇಳಿ." ಗೋದಾಮಿನಲ್ಲಾ, ಲಾರಿಯಲ್ಲಾ, ಬಂದರಿನಲ್ಲಾ, ಶಿಪ್ಪಿಂಗ್ ಬಿಲ್ ಬಿದ್ದಿದೆಯಾ, ಎಲ್‌ಸಿ ಇದೆಯಾ, ಅದರ ತಾರೀಕು ಯಾವುದು. ಇಷ್ಟು ಕೇಳಿದ ಮೇಲೆಯೇ ಏನು ಮಾಡಬೇಕು ಅಂತ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಮಂಗಳೂರಿನ ಕಸ್ಟಮ್ಸ್ ಏಜೆಂಟನ್ನು ಕೇಳಿ ಹೇಳುತ್ತೇನೆ ಅನ್ನುತ್ತಾರೆ. ಕೇಳಿಯೂ ಹೇಳುತ್ತಾರೆ. ಈ ಗುಣಕ್ಕೆ ನಾನು ಎಷ್ಟು ದುಡ್ಡಾದರೂ ಕೊಡುತ್ತೇನೆ.

ಇಂಪೋರ್ಟ್ ಮಾಡದವರಿಗೂ ಆಮದು ನಿಯಮ ಗೊತ್ತಿರಬೇಕು. ಇದನ್ನೂ ಇವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ 2017ರ ಡಿಸೆಂಬರ್‌ನಲ್ಲಿ ಬಂತು, 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯದನ್ನು ನಿಷೇಧವೇ ಮಾಡಿದರು. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ನಮ್ಮ ಬೆಲೆ ಬೀಳಿಸುತ್ತಿದೆ ಅಂತ ಮಲೆನಾಡಿನ ಬೆಳೆಗಾರರು ಕೂಗಿದ್ದಕ್ಕೆ ಸಿಕ್ಕಿದ ಫಲ ಅದು. ಅಡಿಕೆಗೂ ಹಾಗೆಯೇ, 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351 ಮಾಡಿದರು. ಹುರಿದ ಅಡಿಕೆ ಅಂತ ಬೇರೆ ಕೋಡಿನಲ್ಲಿ ಬರುತ್ತಿದ್ದದ್ದಕ್ಕೂ 2025ರ ಏಪ್ರಿಲ್‌ನಲ್ಲಿ ಅದೇ ಬೆಲೆ ಕಟ್ಟಿದರು. ಕೊಪ್ಪ, ಶೃಂಗೇರಿ ಕಡೆಯ ಅಡಿಕೆಯವರು ಇಂಥ ಸಂದೇಶಕ್ಕಾಗಿಯೇ ಇವರ ಗುಂಪಿನಲ್ಲಿದ್ದಾರೆ. ಕೆಜಿಗೆ ನೂರು ರೂಪಾಯಿ ವ್ಯತ್ಯಾಸ ಅಂದರೆ ಮಾಲು ಇವತ್ತು ಮಾರಬೇಕಾ, ಇಟ್ಟುಕೊಳ್ಳಬೇಕಾ ಅನ್ನುವ ಪ್ರಶ್ನೆ ಅಲ್ವಾ?

ರಫ್ತು ಸರಕಿನ ಮೇಲೆ ಬಿದ್ದ ಕೆಲವು ತೆರಿಗೆಗಳನ್ನು ವಾಪಸ್ ಕೊಡುವ ರೋಡ್‌ಟೆಪ್ ವಿಷಯದಲ್ಲೂ ಇವರ ಕೆಲಸ ಅಚ್ಚುಕಟ್ಟು. ಎಂಇಐಎಸ್ ಅನ್ನುವ ಹಳೆಯ ರಫ್ತು ಪ್ರೋತ್ಸಾಹ ಯೋಜನೆಯ ಬದಲು 2021ರ ಜನವರಿ 1ರಿಂದ ಬಂದ ಯೋಜನೆ ಇದು. ಇದನ್ನು ಕ್ಲೇಮ್ ಮಾಡುತ್ತೇವೆ ಅಂತ ಶಿಪ್ಪಿಂಗ್ ಬಿಲ್‌ನಲ್ಲೇ ಹೇಳಬೇಕು. ಆ ಕಾಲಂ ತುಂಬಿದೆಯಾ ಅಂತ ನೋಡದೆ ಇವರು ಶಿಪ್ಪಿಂಗ್ ಬಿಲ್ಲಿನ ಕರಡಾದ ಚೆಕ್‌ಲಿಸ್ಟಿಗೆ ಒಪ್ಪಿಗೆ ಕೊಡಲು ಬಿಡುವುದಿಲ್ಲ.

ಈಗ ದೂರುಗಳು. ಮೊದಲನೆಯದು ಫೀಸು. ಎಲ್ಲೂ ದರಪಟ್ಟಿ ಹಾಕಿಲ್ಲ. ವಾಟ್ಸಾಪ್ ಸೇವೆಯ ವರ್ಷದ ಚಂದಾ ಸರಿಯಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಐಇಸಿ ಅಪ್‌ಡೇಟ್ ನೋಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ, ಏನೂ ಬದಲಾವಣೆ ಇಲ್ಲದಿದ್ದರೂ, ಆನ್‌ಲೈನ್‌ನಲ್ಲಿ ಒಮ್ಮೆ ಖಚಿತಪಡಿಸಬೇಕು, ಇಲ್ಲದಿದ್ದರೆ ಐಇಸಿ ನಿಷ್ಕ್ರಿಯ ಆಗುತ್ತದೆ. ಈ ಮೂರು ತಿಂಗಳಲ್ಲಿ ಮಾಡಿದರೆ ಸರ್ಕಾರಕ್ಕೆ ಶುಲ್ಕ ಕಟ್ಟುವುದಿಲ್ಲ. ಆಧಾರ್ ಒಟಿಪಿ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಇವರು ಇದಕ್ಕೆ ತೆಗೆದುಕೊಳ್ಳುವ ದುಡ್ಡು ತುಂಬಾ ಜಾಸ್ತಿ, ಮೇಲಾಗಿ ಬಿಲ್ಲಿನಲ್ಲಿ "ಸರ್ಕಾರಿ ಶುಲ್ಕ ಸೇರಿ" ಅಂತ ಬರೆದಿದ್ದರು. ನಾನು ಕೇಳಿದ ಮೇಲೆ ತಿದ್ದಿಕೊಟ್ಟರು. ಹೊಸಬರು ಕೇಳುವುದಿಲ್ಲ, ಕೊಟ್ಟು ಬರುತ್ತಾರೆ. ಇದು ಸರಿಯಲ್ಲ.

ಎರಡನೆಯದು ಯುರೋಪಿನ ಕಾಡುನಾಶ ತಡೆ ಕಾನೂನು. ಇದು ನಮ್ಮ ಸರ್ಕಾರದ್ದಲ್ಲ, ಆದರೆ ಕಾಫಿಯವರಿಗೆ ಇದಕ್ಕಿಂತ ದೊಡ್ಡ ವಿಷಯ ಸದ್ಯಕ್ಕಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೀಜ ಯಾವ ತೋಟದ್ದು ಅಂತ ಜಿಪಿಎಸ್ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಒಂದು ಬಿಂದು ಸಾಲದು, ತೋಟದ ಗಡಿಯನ್ನೇ ಗುರುತಿಸಬೇಕು. ಈ ಕಾನೂನಿನ ಜಾರಿ 2024ರ ಡಿಸೆಂಬರ್‌ಗೆ ಅಂತಿದ್ದದ್ದನ್ನು ಮುಂದಕ್ಕೆ ಹಾಕಿದರು ಅಂತ ಎಲ್ಲರೂ ಸುಮ್ಮನಾಗಿದ್ದಾರೆ, ಇವರೂ ಸುಮ್ಮನಾಗಿದ್ದಾರೆ. ನಾನು ಕೇಳಿದಾಗ ಇಂಗ್ಲಿಷಿನ ಒಂದು ಫಾರಂ ಕೊಟ್ಟು, ಬೆಳೆಗಾರರ ಹತ್ತಿರ ತುಂಬಿಸಿಕೊಂಡು ಬನ್ನಿ ಅಂದರು. ಮೂಡಿಗೆರೆಯ ಎರಡು ಎಕರೆ ಬೆಳೆಗಾರ ಅದನ್ನು ಹೇಗೆ ತುಂಬುತ್ತಾನೆ? ಕಾಫಿ ಬೋರ್ಡ್ ಇದಕ್ಕಾಗಿ ಆ್ಯಪ್ ಮಾಡಿದೆ, ಅದರಲ್ಲಿ ನೋಂದಾಯಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಹಾಳೆ ಮಾಡಿಕೊಟ್ಟರೂ ಸಾಕಿತ್ತು. ಅಷ್ಟು ಚೆನ್ನಾಗಿ ಕನ್ನಡದಲ್ಲಿ ಬರೆಯಬಲ್ಲವರು ಇಲ್ಲಿ ಯಾಕೆ ಕೈಬಿಟ್ಟರೋ ಗೊತ್ತಾಗಲಿಲ್ಲ.

ಇನ್ನೊಂದು ಕೆಲಸ ಇವರು ಮಾಡಬೇಕು ಅಂತ ನನ್ನ ಆಸೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದೇಶ ವ್ಯಾಪಾರ ನೀತಿಗೆ ಹಿಂದಿನವುಗಳ ಹಾಗೆ ಐದು ವರ್ಷದ ಅವಧಿ ಇಲ್ಲ, ಬೇಕಾದಾಗ ತಿದ್ದುತ್ತಾ ಹೋಗುತ್ತಾರೆ. ನಿಯಮ ಬದಲಿಸುವ ಮೊದಲು ಸಂಬಂಧಪಟ್ಟವರ ಅಭಿಪ್ರಾಯ ಕೇಳಬೇಕು ಅಂತ 2025ರ ಜನವರಿಯಲ್ಲಿ ನೀತಿಯಲ್ಲೇ ಸೇರಿಸಿದರು. ತಾನಾಗಿಯೇ ತೀರ್ಮಾನಿಸುವ ಹಕ್ಕನ್ನೂ ಸರ್ಕಾರ ಇಟ್ಟುಕೊಂಡಿದೆ, ಆದರೂ ಒಂದು ಬಾಗಿಲು ತೆರೆದಿದೆ. ದೊಡ್ಡ ಕಂಪನಿಗಳು ಅಭಿಪ್ರಾಯ ಕಳಿಸುತ್ತವೆ. ನಾವು? ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಸಣ್ಣ ವ್ಯಾಪಾರಿಗಳು ಇದೇ ಗುಂಪಿನಲ್ಲಿದ್ದೇವೆ. ನಾವು ಕನ್ನಡದಲ್ಲಿ ಹೇಳಿದ್ದನ್ನು ಇವರು ಇಂಗ್ಲಿಷಿಗೆ ಹಾಕಿ ಕಳಿಸಿದರೆ, ಅದಕ್ಕೆ ಬೇರೆ ಫೀಸು ಕೊಡಲು ನಾನು ತಯಾರು. ಮೇಡಂಗೆ ಹೇಳಿದ್ದೇನೆ, ನೋಡೋಣ ಅಂದಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಹೋಗುವವರು ಮೊದಲು ವಾಟ್ಸಾಪ್ ಚಂದಾ ಮಾತ್ರ ಮಾಡಿ ನೋಡಿ, ಉಳಿದ ಕೆಲಸ ಆಮೇಲೆ ಕೊಡಿ. ಪ್ರತಿ ಕೆಲಸಕ್ಕೂ ಸರ್ಕಾರಿ ಶುಲ್ಕ ಎಷ್ಟು, ನಿಮ್ಮದೆಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಜೂನ್ ಕೊನೆಯ ವಾರ ಹೋಗಬೇಡಿ, ಐಇಸಿಗೆ ಬಂದವರೇ ಮೆಟ್ಟಿಲವರೆಗೂ ನಿಂತಿರುತ್ತಾರೆ, ಮೇಡಂ ಮಾತಿಗೆ ಸಿಗುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಹೋದರೆ ಆರಾಮಾಗಿ ಕೂತು ಮಾತಾಡಬಹುದು.