ಬೆಂಗಳೂರಿನ ಫ್ಲ್ಯಾಟಿಗೆ ಬಂದ ನೋರಾ

ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ 1879ರ ನಾಟಕ. ಗಂಡನಿಗೆ ಗೊತ್ತಾಗದಂತೆ ಅಪ್ಪನ ಸುಳ್ಳು ಸಹಿ ಹಾಕಿ ಸಾಲ ಮಾಡಿದ ನೋರಾ, ಗುಟ್ಟು ರಟ್ಟಾದ ಮೇಲೆ ಬಾಗಿಲು ಬಡಿದು ಮನೆ ಬಿಟ್ಟು ಹೋಗುವ ಕಥೆ. ಹವ್ಯಾಸಿ ತಂಡವೊಂದು ಅದನ್ನು ಈಗಿನ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ತಂದಿದೆ. ಕ್ರಿಸ್‌ಮಸ್ ಹೋಗಿ ದೀಪಾವಳಿ ಬಂದಿದೆ. ನೋರಾ ಕದ್ದು ತಿನ್ನುವ ಮ್ಯಾಕರೂನ್ ಇಲ್ಲಿ ಮೈಸೂರು ಪಾಕ್. ಇಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ ಬಿಡಿ.

ನನಗೆ ತುಂಬಾ ಹಿಡಿಸಿದ್ದು ಟಪಾಲು ಡಬ್ಬಿಯ ದೃಶ್ಯ. ಮೂಲದಲ್ಲಿ ಸಾಲದ ಗುಟ್ಟು ಬಯಲು ಮಾಡುವ ಬೆದರಿಕೆಯ ಪತ್ರ ಡಬ್ಬಿಯೊಳಗೆ ಬಿದ್ದಿರುತ್ತದೆ, ಬೀಗದ ಕೈ ಗಂಡನ ಹತ್ತಿರ. ಇಲ್ಲಿ ಗಂಡನ ಮೊಬೈಲ್ ಟೀಪಾಯಿ ಮೇಲೆ ಚಾರ್ಜಿಗಿದೆ. ಮೆಸೇಜ್ ಬಂದಾಗಲೆಲ್ಲ ಪರದೆ ಬೆಳಗುತ್ತದೆ, ಆದರೆ ಲಾಕ್. ಸೋಫಾದಲ್ಲಿ ತೂಕಡಿಸುತ್ತಿರುವ ಗಂಡನ ಹೆಬ್ಬೆರಳನ್ನು ಅವಳು ಮೆಲ್ಲಗೆ ಎತ್ತುತ್ತಾಳೆ. ಅವನು ಮಗ್ಗುಲು ಬದಲಿಸುತ್ತಾನೆ. ಒಂದು ಮಾತಿಲ್ಲ, ಸಂಗೀತವೂ ಇಲ್ಲ. ಭೇಷ್!

ಸಾಲದ ಕಥೆ ಮಾತ್ರ ಕುಂಟುತ್ತದೆ. ಆಗಿನ ನಾರ್ವೆಯಲ್ಲಿ ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಪಡೆಯುವಂತಿರಲಿಲ್ಲ, ಅದಕ್ಕೇ ಸುಳ್ಳು ಸಹಿ. ಈ ನೋರಾ ಕೆಲಸಕ್ಕೆ ಹೋಗುವವಳು. ಪರ್ಸನಲ್ ಲೋನ್ ತೆಗೆದುಕೊಳ್ಳಬಹುದಿತ್ತು ಅಲ್ವಾ? ಅಪ್ಪನ ಸೈಟಿನ ಪತ್ರ ಅಂತ ಏನೋ ತೇಪೆ ಹಾಕಿದ್ದಾರೆ. ನಂಬೋದು ಕಷ್ಟ.

ಜರ್ಮನಿಯ ರಂಗಭೂಮಿಯ ಒತ್ತಡಕ್ಕೆ ಇಬ್ಸೆನ್ನೇ ಒಮ್ಮೆ ನೋರಾ ಮನೆಯಲ್ಲೇ ಉಳಿಯುವ ಅಂತ್ಯ ಬರೆದುಕೊಟ್ಟಿದ್ದ. ಇವರು ಆ ದಾರಿ ಹಿಡಿದಿಲ್ಲ, ಸದ್ಯ. ಆದರೆ ಬಾಗಿಲು ಬಡಿದ ಮೇಲೂ ಸುಮ್ನೆ ಒಂದು ಉದ್ದದ ಹಾಡು ಯಾಕೋ! ಟಿಕೆಟ್ 200 ರೂಪಾಯಿ, ಧಾರಾಳವಾಗಿ ಕೊಡಬಹುದು. ಮುಂದಿನ ಸಾಲು ಹಿಡಿಯಿರಿ, ಡಾಕ್ಟರ್ ಪಾತ್ರಧಾರಿಯ ದನಿ ಹಿಂದಕ್ಕೆ ಕೇಳಿಸುವುದಿಲ್ಲ.