ಹೊರಗಿನಿಂದ ಕೂರಿಸಿದ ಆರ್‌ಪಿಎಂ ಮೀಟರ್: ದೀರ್ಘ ಬಳಕೆಯ ನಂತರ

ನನ್ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರಿನಲ್ಲಿ ಆರ್‌ಪಿಎಂ ಮೀಟರ್, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಮೀಟರ್, ಇರಲಿಲ್ಲ. ಮುಳ್ಳಿನದೊಂದನ್ನು ಕೊಂಡು ನಾನೇ ವೈರಿಂಗ್ ಮಾಡಿದೆ. ಬಿಸಿಲು, ಮಳೆ, ಕೆಟ್ಟ ರಸ್ತೆ ಎಲ್ಲವನ್ನೂ ಕಂಡ ಮೇಲೂ ಮೀಟರ್ ಚೆನ್ನಾಗಿದೆ. ಆದರೆ ಇಂಥದ್ದನ್ನು ಕೊಳ್ಳುವವರು ಡಯಲ್ ನೋಡುವ ಮೊದಲು ಸಿಗ್ನಲ್ ಎಲ್ಲಿಂದ ತೆಗೆಯುತ್ತೀರಿ ಎಂದು ಗೊತ್ತುಮಾಡಿಕೊಳ್ಳಿ. ಮೀಟರ್ ಎಷ್ಟೇ ಒಳ್ಳೆಯದಿರಲಿ, ಸಿಗ್ನಲ್ ಕೆಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ.

ಕರೆಂಟ್, ಅರ್ತ್, ಲೈಟಿನ ವೈರ್‌ಗಳಲ್ಲಿ ತಲೆನೋವಿಲ್ಲ. ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಕಡೆಯಿಂದ ಕರೆಂಟ್ ತೆಗೆದು, ನಡುವೆ ಸಣ್ಣ ಫ್ಯೂಸ್ ಹಾಕಿದರೆ ಸಾಕು. ಇರುವ ಕಷ್ಟವೆಲ್ಲ ಸಿಗ್ನಲ್ ವೈರಿನದು.

ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್‌ನ ಕಿಡಿಯನ್ನು ಎಲ್ಲ ಪ್ಲಗ್ಗಿಗೂ ಹಂಚುವ ಭಾಗ) ಇದ್ದ ಹಳೆಯ ಕಾರುಗಳಲ್ಲಿ, ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನ ನೆಗೆಟಿವ್‌ಗೆ ಜೋಡಿಸಿದರೆ ಮುಗಿಯುತ್ತಿತ್ತು. ನಾಲ್ಕು ಸಿಲಿಂಡರ್‌ಗೆ ಎಂಜಿನ್ನಿನ ಒಂದು ಸುತ್ತಿಗೆ ಎರಡು ಕಿಡಿ, ಮೀಟರ್ ಎಣಿಸುವುದೂ ಎರಡನ್ನೇ. ಈಗ ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್. ಅದು ಸಾಮಾನ್ಯವಾಗಿ ಎರಡು ಸುತ್ತಿಗೊಮ್ಮೆ ಕಿಡಿ ಕೊಡುವುದರಿಂದ, ಅಲ್ಲಿಗೆ ಜೋಡಿಸಿ ಮೀಟರನ್ನು ನಾಲ್ಕು ಸಿಲಿಂಡರ್‌ಗೆ ಇಟ್ಟರೆ 3000 ಇರಬೇಕಾದ ಕಡೆ 750 ತೋರಿಸುತ್ತದೆ. ಸಾಲದ್ದಕ್ಕೆ ಕಾಯಿಲ್‌ನ ಪ್ರೈಮರಿಯಲ್ಲಿ (ಕರೆಂಟ್ ಮೊದಲು ಹರಿಯುವ ಸುರುಳಿಯಲ್ಲಿ) ನೂರಾರು ವೋಲ್ಟ್ ಚಿಮ್ಮುತ್ತದೆ.

ಅದಕ್ಕೇ ನಾನು ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ) ಟ್ಯಾಕೋ ಔಟ್‌ಪುಟ್ ಪಿನ್, ಅಂದರೆ ಆರ್‌ಪಿಎಂ ಸಿಗ್ನಲ್ ಹೊರಬರುವ ಪಿನ್, ಹಿಡಿದೆ. ನಿಮ್ಮ ಕಾರಿನ ವೈರಿಂಗ್ ಡಯಾಗ್ರಾಮ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಕನೆಕ್ಟರಿನ ಹಿಂಬದಿಯಿಂದ ತೆಳುವಾದ ಪ್ರೋಬ್ ತೂರಿಸಿ, ಮಲ್ಟಿಮೀಟರನ್ನು ಹರ್ಟ್ಸ್‌ಗೆ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿದೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇದ್ದಾಗ) 25ರ ಆಸುಪಾಸು ಬಂತು, ಒಂದು ಸುತ್ತಿಗೆ ಎರಡು ಸಿಗ್ನಲ್ ಲೆಕ್ಕದಲ್ಲಿ ಅಂದರೆ 750 ಆರ್‌ಪಿಎಂ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಂತೆ ಅಂಕಿ ತಡವರಿಸದೆ ಏರಿತು. ಹೀಗೆ ಖಾತ್ರಿಯಾದ ಮೇಲೇ ವೈರಿಗೆ ಕೈ ಹಚ್ಚಿದ್ದು. ಕೆಲವು ಇಸಿಯುಗಳ ಪಿನ್ ಸಿಗ್ನಲನ್ನು ಅರ್ತಿಗೆ ಎಳೆಯುತ್ತದೆಯೇ ಹೊರತು ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಅಂಥ ಕಡೆ ಸಿಗ್ನಲ್ ವೈರಿಗೆ ವೋಲ್ಟೇಜ್ ಒದಗಿಸುವ ಪುಲ್-ಅಪ್ ರೆಸಿಸ್ಟರ್ ಬೇಕಾಗುತ್ತದೆ. ಅದನ್ನು 5 ವೋಲ್ಟಿಗೆ ಸೇರಿಸಬೇಕೋ 12ಕ್ಕೋ ಎಂಬುದನ್ನೂ ಡಯಾಗ್ರಾಮ್ ನೋಡಿಯೇ ತೀರ್ಮಾನಿಸಿ. ಕ್ರ್ಯಾಂಕ್ ಸೆನ್ಸರಿನ (ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಅಳೆಯುವ ಸೆನ್ಸರಿನ) ವೈರ್ ಮಾತ್ರ ಯಾರು ಹೇಳಿದರೂ ಮುಟ್ಟಬೇಡಿ. ಕಿಡಿ ಹೊತ್ತಿಸುವ ಸಮಯವನ್ನು ಇಸಿಯು ಲೆಕ್ಕ ಹಾಕುವುದೇ ಅದರಿಂದ. ಆ ಸಿಗ್ನಲ್ ಕುಗ್ಗಿದರೆ ಓಡುವ ಗಾಡಿ ನಡುರಸ್ತೆಯಲ್ಲೇ ನಿಂತೀತು.

ಮೀಟರ್ ಜೊತೆ ಬಂದ ಒತ್ತಿ ಕೂರಿಸುವ ಕ್ಲಿಪ್‌ಗಳು ನನಗೆ ಇಷ್ಟವಾಗಲಿಲ್ಲ. ವೈರಿನ ಎಳೆಗಳನ್ನೇ ಕತ್ತರಿಸುತ್ತವೆ, ಒಳಗೆ ತೇವವನ್ನೂ ಬಿಡುತ್ತವೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿದೆ. ಸಿಗ್ನಲಿಗೆ ಶೀಲ್ಡ್ ಇರುವ ವೈರ್ ಬಳಸಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ, ಕಾಯಿಲ್‌ಗಳಿಂದ ದೂರ ಎಳೆದೆ. ಮುಳ್ಳು ಇವತ್ತಿಗೂ ನಡುಗಿಲ್ಲ.

ದೂರು ಒಂದಿದೆ. ರಾತ್ರಿ ಡಯಲ್ಲಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಕಡಿಮೆ ಮಾಡುವ ವ್ಯವಸ್ಥೆಯೇ ಇಲ್ಲ. ಈ ಬೆಲೆಗೆ ಅದನ್ನು ಕೊಡಲೇಬೇಕಿತ್ತು.

ಒಬಿಡಿ ಪೋರ್ಟಿಗೆ (ಕಾರಿನ ದೋಷ ಪರೀಕ್ಷಿಸಲು ಇರುವ ಸಾಕೆಟ್ಟಿಗೆ) ಸಿಕ್ಕಿಸುವ ಮೀಟರ್ ಸುಲಭವಲ್ಲವೇ ಎಂದು ಕೆಲವರು ಕೇಳುತ್ತಾರೆ. ಸುಲಭ ನಿಜ, ವೈರ್ ಕತ್ತರಿಸುವ ಭಯವೂ ಇಲ್ಲ. ಆದರೆ ಅದು ಇಸಿಯುವನ್ನು ಮತ್ತೆ ಮತ್ತೆ ಕೇಳಿ ಉತ್ತರ ಪಡೆಯುವುದರಿಂದ, ಗೇರ್ ಬದಲಿಸುವಾಗ ಅಂಕಿ ಒಂದು ಕ್ಷಣ ಹಿಂದೆ ಬೀಳಬಹುದು. ಬರೀ ಐಡಲ್ ಗಮನಿಸುವವರಿಗೆ ಅದೇ ಸಾಕು. ಗೇರ್ ಬದಲಿಸಲು ಮುಳ್ಳನ್ನೇ ನಂಬುವವರು ಇಸಿಯು ಪಿನ್‌ನಿಂದ ವೈರ್ ಎಳೆಯಿರಿ. ಡೀಸೆಲ್ ಗಾಡಿಯವರು ಕೊಳ್ಳುವ ಮೊದಲು, ಆಲ್ಟರ್ನೇಟರಿನಲ್ಲಿ ಎಂಜಿನ್ ವೇಗಕ್ಕೆ ತಕ್ಕ ಸಿಗ್ನಲ್ ಕೊಡುವ ಡಬ್ಲ್ಯೂ (W) ಟರ್ಮಿನಲ್‌ಗೂ ಈ ಮೀಟರ್ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ.